ಸಂತ ಫಿಲೋಮಿನಾಳ ಪವಿತ್ರಾವಶೇಷ



ಮೈಸೂರು ನಗರವನ್ನು ನೋಡಿದವರಲ್ಲಿ ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯದ ಜೋಡಿ ಶಿಖರಗಳನ್ನು ಕಾಣದವರು ವಿರಳ. ಸುಮಾರು ೧೭೫ ಅಡಿಗಳ ಎತ್ತರಕ್ಕೆ ಏರಿರುವ ಆ ಶಿಖರಗಳನ್ನೂ, ಒಳಗಿನ ಬಣ್ಣದ ಗಾಜಿನ ಕಿಟಕಿಗಳನ್ನೂ ಹೊಗಳಿ ಬರೆದವರು ಅನೇಕರುಂಟು. ಆದರೆ ಈ ಭವ್ಯಮಂದಿರವು ಯಾವ ಅಲ್ಪಗಾತ್ರದ ವಸ್ತುವಿನ ನಿಮಿತ್ತವಾಗಿ ಎದ್ದು ನಿಂತಿತೋ ಆ ವಸ್ತು ಮೇಲೆಲ್ಲಿಯೂ ಇಲ್ಲ; ಪೂಜಾಪೀಠದ ಕೆಳಗಣ ನೆಲಮಾಳಿಗೆಯಲ್ಲಿದೆ. ಅಲ್ಲಿ ಮಲಗಿದ ಭಂಗಿಯಲ್ಲಿರುವ ಒಬ್ಬ ಬಾಲಿಕೆಯ ವಿಗ್ರಹವುಂಟು. ಸಂತ ಫಿಲೋಮಿನಾಳ ಅವಶೇಷವೆಂದು ಭಕ್ತರು ನಂಬಿ ನಮಸ್ಕರಿಸುವ ವಸ್ತು ಅಲ್ಲಿಯೇ ರಕ್ಷಿತವಾಗಿದೆ. ಆ ಅವಶೇಷದ ಚರಿತ್ರೆಯನ್ನು ಈ ದಿನ ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಾವು ವಾಸಮಾಡುವುದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ರಾಜಗೋಪಾಲನಗರದಲ್ಲಿ. ಹಗಲೆಲ್ಲ ಲೇತುಯಂತ್ರಗಳ ಶಬ್ದವನ್ನು ಕೇಳುತ್ತಿರುವ ಇಂತಹ ಬಡಾವಣೆಯಲ್ಲಿ ಕುಳಿತು ರೋಮಾಪುರಿಯ ಸಮಾಧಿಗಳನ್ನು ಕುರಿತು ಚಿಂತಿಸುವುದಕ್ಕೆ ಕಾರಣವೇನೆಂದು ತಾವು ಕೇಳಬಹುದು. ಕಾರಣವು ನಮ್ಮ ಒಬ್ಬ ವಿದ್ಯಾರ್ಥಿನಿ. ಇದೇ ಬಡಾವಣೆಯ ಹುಡುಗಿ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಕೆಲಸ ಮಾಡುವವರು. ಆ ತಾಯಿ ಮೈಸೂರಿನ ದೇವಾಲಯದಲ್ಲಿ ಹರಕೆ ಹೊತ್ತು ಪಡೆದ ಮಗುವಾದುದರಿಂದ ಹುಡುಗಿಗೆ ಆ ಸಂತಳ ಹೆಸರನ್ನೇ ಇಟ್ಟಿದ್ದರು. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಚರಿತ್ರೆಯ ಆಧಾರಗಳನ್ನು ಕುರಿತು ಪಾಠ ನಡೆಯುತ್ತಿದ್ದಾಗ, ಆಧಾರವನ್ನು ತಪ್ಪಾಗಿ ಓದುವುದಕ್ಕೆ ದೃಷ್ಟಾಂತವಾಗಿ ನಾವು ಫಿಲೋಮಿನಾಳ ಸಮಾಧಿಯ ಕಥೆಯನ್ನು ಹೇಳಿ, ಆ ಹೆಸರು ಆ ಅಸ್ಥಿಗಳದಲ್ಲವೆಂದು ವಿದ್ವಾಂಸರ ಮತವೆಂದೆವು. ತರಗತಿ ನಕ್ಕಿತು. ಆ ಹುಡುಗಿ ನಗಲಿಲ್ಲ. ಎದ್ದು ನಿಂತು, “ಹಾಗಾದರೆ ನನ್ನ ಹೆಸರು ಯಾರದು?” ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾವೂ ಆ ಗಂಟೆಯನ್ನು ನೆಪಮಾಡಿಕೊಂಡು ಹೊರಟುಬಿಟ್ಟೆವು. ಅಂದು ಕೊಡದೆ ಹೋದ ಉತ್ತರಕ್ಕಾಗಿಯೇ ಈ ಉಪನ್ಯಾಸ.

ಮೊದಲು ಅವಶೇಷವೆಂದರೆ ಏನೆಂಬುದನ್ನು ಹೇಳಬೇಕು. ಮಹಾತ್ಮರ ದೇಹವು ನೆಲೆಸಿದ ಸ್ಥಳ ಪವಿತ್ರವೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ವೀರಶೈವರ ಗದ್ದುಗೆಗಳು, ಮಾಧ್ವ ಯತಿಗಳ ಬೃಂದಾವನಗಳು, ಕಲಬುರಗಿಯ ಬಂದೇ ನವಾಜರ ದರ್ಗಾ, ಇವೆಲ್ಲವೂ ಇದೇ ಭಾವನೆಯ ಬೇರೆ ಬೇರೆ ರೂಪಗಳು. ಕ್ರೈಸ್ತರಲ್ಲಿ ಇದು ಎರಡನೆಯ ಶತಮಾನದಿಂದಲೇ ಕಾಣುತ್ತದೆ. ಸ್ಮರ್ನಾ ಪಟ್ಟಣದ ವೃದ್ಧ ಬಿಷಪ್ ಪಾಲಿಕಾರ್ಪನನ್ನು ಸುಟ್ಟು ಕೊಂದಾಗ, ಅವನ ಶಿಷ್ಯರು ಉಳಿದ ಎಲುಬುಗಳನ್ನು ರತ್ನಗಳಿಗಿಂತಲೂ ಅಮೂಲ್ಯವೆಂದು ಆಯ್ದುಕೊಂಡರು. ಕ್ರಿ.ಶ. ೭೮೭ರಲ್ಲಿ ನೈಸಿಯಾದಲ್ಲಿ ನೆರೆದ ಧರ್ಮಸಭೆಯು, ಅವಶೇಷವಿಲ್ಲದೆ ಯಾವ ದೇವಾಲಯವನ್ನೂ ಪ್ರತಿಷ್ಠೆ ಮಾಡಲಾಗದೆಂದು ವಿಧಿಸಿತು. ಹೀಗೆ ಅವಶೇಷಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯೊಡನೆ ಸಂದೇಹವೂ ಹೆಚ್ಚಿತು. ಆದುದರಿಂದ ಅವಶೇಷವನ್ನು ಸಣ್ಣ ಭರಣಿಯಲ್ಲಿರಿಸಿ, ದಾರ ಕಟ್ಟಿ, ಅರಗಿನ ಮುದ್ರೆಯೊತ್ತಿ, ಜೊತೆಗೆ ಪ್ರಮಾಣಪತ್ರವೊಂದನ್ನು ಕೊಡುವ ಪದ್ಧತಿ ಬೆಳೆಯಿತು. ಈ ಪತ್ರವು ವಸ್ತು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಮೂಲದಲ್ಲಿ ಆ ವಸ್ತು ಯಾರದೆಂಬುದಕ್ಕೆ ಮೂಲದ ಸಾಕ್ಷಿಯೇ ಬೇಕು. ಈ ಎರಡು ಮಾತುಗಳ ಅಂತರವನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಕೆಲವು ಅವಶೇಷಗಳ ವಿಷಯದಲ್ಲಿ ಈ ಎರಡೂ ಸಾಕ್ಷಿಗಳು ಕೂಡಿ ಬರುತ್ತವೆ. ಗೋವೆಯಲ್ಲಿರುವ ಸಂತ ಫ್ರಾನ್ಸಿಸ್ ಜೇವಿಯರರ ದೇಹವು ಅಂತಹುದು. ಅವರು ೧೫೫೨ರಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಮರುವರ್ಷ ದೇಹವನ್ನು ಮಲಾಕಾಕ್ಕೆ ತಂದರು. ೧೫೫೪ರಲ್ಲಿ ಗೋವೆಗೆ ತಂದರು. ೧೬೧೪ರಲ್ಲಿ ಬಲದೋಳಿನ ಭಾಗವನ್ನು ಬೇರ್ಪಡಿಸಿ ರೋಮಿಗೆ ಕಳುಹಿಸಿದ್ದಕ್ಕೂ ದಾಖಲೆಯುಂಟು. ಅಲ್ಲಿ ಮಲಗಿರುವವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಫಿಲೋಮಿನಾಳ ವಿಷಯ ಹಾಗಲ್ಲ.

ರೋಮಾಪುರಿಯ ಹೊರವಲಯದಲ್ಲಿ ನೆಲದಡಿಯಲ್ಲಿ ಕೊರೆದ ಪ್ರಾಚೀನ ಶ್ಮಶಾನಗಳಿವೆ. ಅವುಗಳನ್ನು ಕ್ಯಾಟಕೂಂಬುಗಳೆಂದು ಕರೆಯುತ್ತಾರೆ. ಇಕ್ಕಟ್ಟಾದ ಓಣಿಗಳ ಎರಡು ಪಕ್ಕದ ಗೋಡೆಗಳಲ್ಲಿಯೂ ಗೂಡುಗಳನ್ನು ತೋಡಿ, ಶವವನ್ನಿರಿಸಿ, ಹಾಸುಗಲ್ಲಿನಿಂದಲೋ ಸುಟ್ಟ ಮಣ್ಣಿನ ಹೆಂಚುಗಳಿಂದಲೋ ಬಾಯಿ ಮುಚ್ಚುತ್ತಿದ್ದರು. ಸಲಾರಿಯಾ ಹೆದ್ದಾರಿಯ ಬಳಿಯ ಪ್ರಿಸಿಲ್ಲಾ ಕ್ಯಾಟಕೂಂಬಿನಲ್ಲಿ ೧೮೦೨ನೆಯ ಇಸವಿ ಮೇ ೨೪ರಂದು ಅಂತಹ ಒಂದು ಗೂಡು ಕಣ್ಣಿಗೆ ಬಿದ್ದಿತು, ಮರುದಿನ ತೆರೆದರು. ಒಳಗೆ ಹದಿಮೂರು ಹದಿನಾಲ್ಕು ವರ್ಷದ ಬಾಲಿಕೆಯೊಬ್ಬಳ ಅಸ್ಥಿಗಳೂ, ಒಂದು ಸಣ್ಣ ಗಾಜಿನ ಕುಪ್ಪಿಯೂ ದೊರೆತವು. ಬಾಯಿ ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರಗಳಿದ್ದವು. ಇದ್ದ ಕ್ರಮದಲ್ಲಿಯೇ ಓದಿದರೆ ಮೊದಲ ಹೆಂಚಿನಲ್ಲಿ ‘ಲುಮೇನಾ’, ಎರಡನೆಯದರಲ್ಲಿ ‘ಪಾಕ್ಸ್ ತೇ’, ಮೂರನೆಯದರಲ್ಲಿ ‘ಕುಂ ಫಿ’. ಇದರಿಂದ ಅರ್ಥ ಹೊರಡುವುದಿಲ್ಲ. ಮೊದಲನೆಯ ಹೆಂಚನ್ನು ಕೊನೆಗೆ ಸರಿಸಿದರೆ ‘ಪಾಕ್ಸ್ ತೇಕುಂ ಫಿಲುಮೇನಾ’ ಎಂದಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ, ಫಿಲುಮೇನಾ, ನಿನ್ನೊಡನೆ ಶಾಂತಿಯಿರಲಿ, ಎಂದು. ಅಕ್ಷರಗಳ ನಡುವೆ ಲಂಗರು, ಬಾಣಗಳು, ಗರಿ ಮೊದಲಾದ ಚಿಹ್ನೆಗಳಿದ್ದವು.

ಗರಿಯ ಚಿಹ್ನೆಯೂ ಕುಪ್ಪಿಯೂ ಇದ್ದರೆ ಅದು ಧರ್ಮಕ್ಕಾಗಿ ಪ್ರಾಣಕೊಟ್ಟವರ ಸಮಾಧಿಯೆಂದು ಆ ಕಾಲದಲ್ಲಿ ಎಣಿಸುತ್ತಿದ್ದರು. ಹಾಗೆಂದು ೧೬೬೮ರಲ್ಲಿ ರೋಮಿನ ಅಧಿಕಾರಿಗಳು ನಿರ್ಣಯಿಸಿದ್ದರು; ಕುಪ್ಪಿಯಲ್ಲಿರುವುದು ರಕ್ತವೆಂದು ಅವರ ತಿಳಿವಳಿಕೆ. ಸಮಾಧಿಗಳಲ್ಲಿ ಸುಗಂಧದ್ರವ್ಯದ ಕುಪ್ಪಿಗಳನ್ನು ಇಡುವ ವಾಡಿಕೆಯಿತ್ತೆಂದು ಪ್ರಾಕ್ತನ ವಿದ್ವಾಂಸರು ತರುವಾಯ ತೋರಿಸಿದರು. ಅದು ಹೇಗಾದರೂ ಇರಲಿ, ೧೮೦೨ರಲ್ಲಿ ಆ ಬಾಲಿಕೆಯನ್ನು ಹುತಾತ್ಮೆಯೆಂದು ಒಪ್ಪಿದರು. ಮೂರು ವರ್ಷ ಆ ಅಸ್ಥಿಗಳು ರೋಮಿನಲ್ಲಿಯೇ ಇದ್ದವು. ೧೮೦೫ರಲ್ಲಿ ನೇಪಲ್ಸ್ ನಗರಕ್ಕೆ ಸಮೀಪದ ಮುನ್ಯಾನೊ ಎಂಬ ಊರಿನ ಪಾದ್ರಿ ಫ್ರಾಂಚೆಸ್ಕೊ ದೆ ಲೂಚಿಯಾ ಎಂಬವರು ತಮ್ಮ ಊರಿನ ದೇವಾಲಯಕ್ಕಾಗಿ ಅವುಗಳನ್ನು ಬೇಡಿ ಪಡೆದು, ಆಗಸ್ಟ್ ೧೦ರಂದು ಊರಿಗೆ ತಂದರು. ೧೮೨೭ರಲ್ಲಿ ಪೋಪ್ ಹನ್ನೆರಡನೆಯ ಲಿಯೋ ಆ ಮೂರು ಹೆಂಚುಗಳನ್ನೂ ಅಲ್ಲಿಗೇ ಕಳುಹಿಸಿಕೊಟ್ಟರು.

ಇಲ್ಲಿಯ ವರೆಗೆ ಬಾಲಿಕೆಗೆ ಹೆಸರು ಮಾತ್ರ ಇದ್ದಿತು, ಜೀವನಚರಿತ್ರೆ ಇರಲಿಲ್ಲ. ಹೆಂಚಿನ ಮೇಲಣ ಚಿಹ್ನೆಗಳಿಂದಲೇ ಚರಿತ್ರೆ ಹುಟ್ಟಿತು. ಲಂಗರು ಇದೆಯಷ್ಟೆ, ಲಂಗರು ಕಟ್ಟಿ ನದಿಗೆ ಎಸೆದಿರಬೇಕು. ಬಾಣಗಳಿವೆಯಷ್ಟೆ, ಬಾಣಗಳಿಂದ ಹೊಡೆದಿರಬೇಕು. ೧೮೩೩ರಲ್ಲಿ ನೇಪಲ್ಸಿನ ಸನ್ಯಾಸಿನಿಯೊಬ್ಬರು ತಮಗೆ ದಿವ್ಯವಾಣಿಯಾಯಿತೆಂದು ಹೇಳಿದ ಕಥೆಯೂ ಇದರೊಡನೆ ಕೂಡಿತು: ಗ್ರೀಕ್ ದೇಶದ ರಾಜಪುತ್ರಿ, ಚಕ್ರವರ್ತಿ ಡಯೊಕ್ಲೀಷಿಯನ್ ಅವಳನ್ನು ಬಯಸಿದನು, ಅವಳು ಒಪ್ಪದಿರಲು ಹಿಂಸಿಸಿ ಕೊಲ್ಲಿಸಿದನು. ಆದರೆ ಪ್ರಾಚೀನ ಕ್ರೈಸ್ತರಲ್ಲಿ ಲಂಗರು ಆಶೆಯ ಚಿಹ್ನೆ. ಬಿರುಗಾಳಿಯಲ್ಲಿ ಹಡಗನ್ನು ಹಿಡಿದು ನಿಲ್ಲಿಸುವ ವಸ್ತುವನ್ನು ಸತ್ತವರ ಸಮಾಧಿಯ ಮೇಲೆ ಬರೆದವರು ಸಾವಿನ ಆಚೆಗಣ ಭರವಸೆಯನ್ನು ಬರೆದರು. ಮುಂದಿನವರು ಅದರಲ್ಲಿ ಕೊಲೆಯ ಆಯುಧವನ್ನು ಕಂಡರು.

ಭಕ್ತಿಯ ಪ್ರವಾಹವು ಇಂತಹ ವಿಚಾರಗಳಿಗಾಗಿ ಕಾದು ನಿಲ್ಲಲಿಲ್ಲ. ಫ್ರಾನ್ಸ್ ದೇಶದ ಲಿಯಾನ್ ನಗರದ ಪೊಲೀನ್ ಜಾರಿಕೊ ಎಂಬ ಮಹಿಳೆ, ೧೮೨೨ರಲ್ಲಿ ದೂರದೇಶಗಳ ಮಿಷನ್ನುಗಳಿಗೆ ಧನಸಹಾಯ ಮಾಡುವ ಸಂಘವನ್ನು ಸ್ಥಾಪಿಸಿದವರು, ಸಾವಿನ ಅಂಚಿನಲ್ಲಿದ್ದಾಗ ಮುನ್ಯಾನೊಗೆ ಹೋಗಿ ೧೮೩೫ರ ಆಗಸ್ಟಿನಲ್ಲಿ ಗುಣಹೊಂದಿದರು. ೧೮೩೭ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಫಿಲೋಮಿನಾಳ ಸಾರ್ವಜನಿಕ ಪೂಜೆಗೆ ಅನುಮತಿಯಿತ್ತರು. ಜಾರಿಕೊ ಅವರು ತಂದ ಅವಶೇಷದ ಅಂಶವೊಂದು ಆರ್ಸ್ ಎಂಬ ಹಳ್ಳಿಯ ಪಾದ್ರಿ ಜಾನ್ ವಿಯಾನ್ನಿಯವರಿಗೆ ದೊರೆಯಿತು. ವಿಯಾನ್ನಿಯವರ ಬಳಿಗೆ ಇಡೀ ಫ್ರಾನ್ಸ್ ದೇಶವೇ ಬರುತ್ತಿದ್ದಿತು. ತಮ್ಮ ಪ್ರಾರ್ಥನೆಯಿಂದ ಯಾರಿಗೆ ಗುಣವಾದರೂ ಅವರು ಆ ಕೀರ್ತಿಯನ್ನು ಫಿಲೋಮಿನಾಳಿಗೇ ಒಪ್ಪಿಸಿಬಿಡುತ್ತಿದ್ದರು. ಹೀಗೆ ಇಟಲಿಯ ಒಂದು ಊರಿನ ಭಕ್ತಿ ಫ್ರಾನ್ಸಿನ ಮನೆಮನೆಯ ಭಕ್ತಿಯಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲಸ ಮಾಡಿದ ಪಾದ್ರಿಗಳಾದರೋ ಪ್ಯಾರಿಸಿನ ವಿದೇಶ ಮಿಷನ್ನಿಗೆ ಸೇರಿದವರು. ಫ್ರಾನ್ಸಿಗೂ ಮೈಸೂರಿಗೂ ಇದ್ದ ಈ ಸಂಬಂಧವನ್ನು ನೆನೆದರೆ, ಇಟಲಿಯ ಸಂತಳ ಹೆಸರು ಚಾಮುಂಡಿ ಬೆಟ್ಟದ ತಪ್ಪಲಿಗೆ ಬಂದುದು ಅಷ್ಟೇನೂ ಆಶ್ಚರ್ಯವಲ್ಲ.

ಮೈಸೂರಿನಲ್ಲಿ ೧೮೪೩ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ಇದೇ ಸ್ಥಳದಲ್ಲಿ ಒಂದು ಸಣ್ಣ ಇಗರ್ಜಿ ಎದ್ದಿದ್ದಿತು. ಅದರ ಶಿಲಾಲೇಖವು, ಲೋಕಗಳನ್ನೆಲ್ಲ ಸೃಷ್ಟಿಸಿ ಕಾಪಾಡುವ ಒಬ್ಬನೇ ದೇವರ ಹೆಸರಿನಲ್ಲಿ ಈ ಮಂದಿರ ಕಟ್ಟಲ್ಪಟ್ಟಿತೆಂಬ ಭಾವವನ್ನು ಹೇಳುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾರ್ಯದರ್ಶಿಗಳಾಗಿದ್ದವರು ಕ್ಯಾಥೊಲಿಕ್ ಮತಸ್ಥರಾದ ತಂಬುಚೆಟ್ಟಿಯವರು. ಪೂರ್ವ ಇಂಡೀಸಿನಲ್ಲಿ ಪೋಪರ ಪ್ರತಿನಿಧಿಗಳಾಗಿದ್ದ ಪೀಟರ್ ಪಿಸಾನಿಯವರಿಂದ ಅವರು ೧೯೨೬ರಲ್ಲಿ ಫಿಲೋಮಿನಾಳ ಅವಶೇಷವನ್ನು ಪಡೆದರು. ಅದರ ಹಿಂದಿನ ವರ್ಷವಷ್ಟೇ ಆರ್ಸಿನ ವಿಯಾನ್ನಿಯವರನ್ನು ರೋಮಿನಲ್ಲಿ ಸಂತರೆಂದು ಘೋಷಿಸಿದ್ದರು. ತಂಬುಚೆಟ್ಟಿಯವರು ಅವಶೇಷವನ್ನು ಫಾದರ್ ಕೋಷೆಯವರಿಗೆ ಒಪ್ಪಿಸಿದರು. ಕೋಷೆಯವರು ಮಹಾರಾಜರ ಸಹಾಯವನ್ನು ಬೇಡಿದರು. ೧೯೩೩ನೆಯ ಇಸವಿ ಅಕ್ಟೋಬರ್ ೨೮ರಂದು ಮಹಾರಾಜರು ತಾವೇ ಅಸ್ತಿಭಾರವನ್ನಿಟ್ಟರು. ದೇವರ ಕರುಣೆ, ಮಾನವರ ಕೃತಜ್ಞತೆ ಎಂಬ ಇಮ್ಮಡಿ ತಳಹದಿಯ ಮೇಲೆ ಈ ದೇವಾಲಯ ನಿಲ್ಲುವುದೆಂಬ ಅರ್ಥದ ಮಾತನ್ನು ಅವರು ಅಂದು ಆಡಿದರು. ಡೇಲಿ ಎಂಬ ಫ್ರೆಂಚ್ ಶಿಲ್ಪಿ ಗಾಥಿಕ್ ಶೈಲಿಯಲ್ಲಿ ನಕ್ಷೆ ರಚಿಸಿದನು. ಜರ್ಮನಿಯ ಕಲೋನ್ ನಗರದ ಪ್ರಧಾನ ದೇವಾಲಯ ಅದಕ್ಕೆ ಸ್ಫೂರ್ತಿ. ಮೈಸೂರು ಬಿಷಪ್ಪರ ಪೀಠವು ಅದುವರೆಗೆ ಬೆಂಗಳೂರಿನಲ್ಲಿಯೇ ಇದ್ದಿತು. ೧೯೪೦ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತವಾದ ಮೇಲೆ ಆ ಪೀಠ ಮೈಸೂರಿಗೆ ಬಂದಿತು. ಸಂತ ಜೋಸೆಫ್ ಮತ್ತು ಸಂತ ಫಿಲೋಮಿನಾರ ಹೆಸರಿನ ಈ ಮಂದಿರ ಪ್ರಧಾನ ದೇವಾಲಯವಾಯಿತು.

ಇನ್ನು ವಿದ್ವಾಂಸರ ಮಾತು. ಮೈಸೂರಿಗೆ ಅವಶೇಷ ಬರುವುದಕ್ಕೆ ಮುಂಚೆಯೇ, ೧೯೦೪ರಲ್ಲಿ, ಒರಾತ್ಸಿಯೊ ಮಾರುಕ್ಕಿ ಎಂಬ ಇಟಲಿಯ ಪ್ರಾಕ್ತನಜ್ಞರು ಆ ಮೂರು ಹೆಂಚುಗಳ ಬರೆವಣಿಗೆಯನ್ನು ಕುರಿತು ಪ್ರಬಂಧವನ್ನು ಬರೆದರು. ಅವರು ಚರ್ಚಿನ ವಿರೋಧಿಗಳಲ್ಲ, ಶ್ರದ್ಧಾವಂತ ಕ್ಯಾಥೊಲಿಕರು. ಅವರ ಮತವೇನೆಂದರೆ, ಹೆಂಚಿನ ಬರೆಹವು ಎರಡನೆಯ ಶತಮಾನದ್ದು; ಒಳಗೆ ಇದ್ದ ದೇಹವಾದರೋ ನಾಲ್ಕನೆಯ ಶತಮಾನದ್ದು. ಹಳೆಯ ಸಮಾಧಿಯೊಂದರಿಂದ ತೆಗೆದ ಹೆಂಚುಗಳನ್ನು ಹೊಸ ಸಮಾಧಿಗೆ ಮತ್ತೆ ಬಳಸುವ ರೂಢಿ ನಾಲ್ಕನೆಯ ಶತಮಾನದಲ್ಲಿ ಇದ್ದಿತು. ಹಾಗೆ ಬಳಸುವಾಗ, ಒಳಗಿರುವವರ ಹೆಸರು ಇದಲ್ಲವೆಂದು ತಿಳಿಯಲೆಂದೇ ಕ್ರಮ ತಪ್ಪಿಸಿ ಜೋಡಿಸುತ್ತಿದ್ದರು. ಕೂಲಿಯವನ ಅವಸರದಿಂದಲೋ ಅವನಿಗೆ ಓದು ಬಾರದುದರಿಂದಲೋ ಹೆಂಚುಗಳು ಅದಲುಬದಲಾದುವೆಂದು ವಾದಿಸಿದವರೂ ಉಂಟು. ಆದರೂ ಮಾರುಕ್ಕಿಯವರ ಅಭಿಪ್ರಾಯಕ್ಕೆ ವಿದ್ವಾಂಸರಲ್ಲಿ ಮನ್ನಣೆ ಹೆಚ್ಚಾಯಿತು. ೧೯೬೧ರ ಫೆಬ್ರವರಿ ೧೪ರಂದು ರೋಮಿನ ಧರ್ಮಾಧಿಕಾರಿಗಳು, ಫಿಲೋಮಿನಾಳ ಹಬ್ಬವನ್ನು ಎಲ್ಲ ಪೂಜಾಪಂಚಾಂಗಗಳಿಂದಲೂ ತೆಗೆಯಬೇಕೆಂದು ಆಜ್ಞೆಮಾಡಿದರು. ಆ ಆಜ್ಞೆ ಪಂಚಾಂಗಕ್ಕೆ ಸಂಬಂಧಿಸಿದ್ದು. ವೈಯಕ್ತಿಕ ಭಕ್ತಿಯನ್ನು ಅದು ನಿಷೇಧಿಸಲಿಲ್ಲ. ಮೈಸೂರಿನ ದೇವಾಲಯದ ಹೆಸರು ಹಾಗೆಯೇ ಉಳಿಯಿತು. ಮೆಟ್ಟಲಿಳಿದು ನೆಲಮಾಳಿಗೆಗೆ ಹೋಗುವವರಲ್ಲಿ ಎಲ್ಲ ಮತದವರೂ ಇದ್ದಾರೆ.

ನಾವು ತರಗತಿಯಲ್ಲಿ ಹೇಳಿದ್ದು ಈ ಮಾರುಕ್ಕಿಯವರ ಮಾತನ್ನೇ. ಅದು ತಪ್ಪಾಗಿರಲಿಲ್ಲ, ಆದರೆ ಅರ್ಧವಾಗಿದ್ದಿತು. ಉಳಿದ ಅರ್ಧವನ್ನು ನಮಗೆ ತೋರಿಸಿಕೊಟ್ಟುದು ರೋಮಲ್ಲ, ರಾಜಗೋಪಾಲನಗರ.

ನಮ್ಮ ಬೀದಿಯ ತಿರುವಿನಲ್ಲಿ ಯಂತ್ರದ ಬಿಡಿಭಾಗಗಳನ್ನು ತುಂಬಲು ಮರದ ಪೆಟ್ಟಿಗೆಗಳನ್ನು ಮಾಡುವ ಒಂದು ಕೊಟ್ಟಿಗೆಯುಂಟು. ಹೊಸ ಹಲಗೆ ತುಟ್ಟಿಯಾದುದರಿಂದ ಅಲ್ಲಿ ಹಳೆಯ ಪೆಟ್ಟಿಗೆಗಳನ್ನು ಒಡೆದು ಹಲಗೆಗಳನ್ನು ಮತ್ತೆ ಹೊಡೆಯುತ್ತಾರೆ. ಹಾಗೆ ಮಾಡಿದ ಪೆಟ್ಟಿಗೆಯ ಮೇಲೆ ಮೊದಲಿನ ಯಜಮಾನನ ಹೆಸರಿನ ಅಕ್ಷರಗಳು ತುಂಡುತುಂಡಾಗಿ, ಹಿಂದುಮುಂದಾಗಿ ಕಾಣುತ್ತವೆ. ಒಂದು ಸಂಜೆ ನಾವು ಅಲ್ಲಿ ನಿಂತು ಆ ಅಕ್ಷರಗಳನ್ನು ಕೂಡಿಸಿ ಓದಲು ಯತ್ನಿಸುತ್ತಿದ್ದಾಗ, ಬಡಗಿಯು ನಕ್ಕು, “ಅದನ್ನು ಓದಬೇಡಿ ಸ್ವಾಮಿ, ಒಳಗಿರುವ ಸಾಮಾನು ಬೇರೆಯವರದು” ಎಂದನು. ತುಸು ತಡೆದು, “ಆದರೆ ಸಾಮಾನು ಒಳ್ಳೆಯದೇ” ಎಂದು ಸೇರಿಸಿದನು. ಮಾರುಕ್ಕಿಯವರ ಪ್ರಬಂಧದ ಸಾರವೆಲ್ಲವೂ ಅವನ ಮೊದಲ ಮಾತಿನಲ್ಲಿದ್ದಿತು. ಎರಡನೆಯ ಮಾತನ್ನು ನಾವು ತರಗತಿಯಲ್ಲಿ ಮರೆತಿದ್ದೆವು.

ನಮ್ಮ ನಾಡಿನಲ್ಲಿಯೂ ಹಳೆಯ ಶಾಸನದ ಕಲ್ಲನ್ನು ತಂದು ಬೇರೆ ಗುಡಿಯ ಮೆಟ್ಟಲಿಗೆ ಹಾಕಿರುವುದನ್ನು ನೋಡುತ್ತೇವೆ. ಆ ಶಾಸನದಿಂದ ಗುಡಿಯ ಕಾಲವನ್ನು ನಿರ್ಣಯಿಸಿದರೆ ತಪ್ಪಾಗುತ್ತದೆ. ಹಾಗೆಂದು ಶಾಸನ ಸುಳ್ಳಾಗುವುದಿಲ್ಲ, ಗುಡಿಯೂ ಸುಳ್ಳಾಗುವುದಿಲ್ಲ. ಎರಡು ನಿಜಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿರುತ್ತವೆ.

ಮಾರುಕ್ಕಿಯವರ ಮತವನ್ನು ಒಪ್ಪಿದರೆ ಪ್ರಿಸಿಲ್ಲಾ ಕ್ಯಾಟಕೂಂಬಿನಲ್ಲಿಯೂ ಎರಡು ನಿಜಗಳುಂಟು. ಎರಡನೆಯ ಶತಮಾನದಲ್ಲಿ ಫಿಲುಮೇನಾ ಎಂಬವಳೊಬ್ಬಳು ಇದ್ದಳು. ಅದು ಗ್ರೀಕ್ ಮೂಲದ ಹೆಸರು. ಪ್ರೀತಿಗೆ ಪಾತ್ರಳಾದವಳೆಂದು ಅರ್ಥ. ಅವಳು ಸತ್ತಾಗ ಅವಳ ಮನೆಯವರು ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ, ನಿನ್ನೊಡನೆ ಶಾಂತಿಯಿರಲಿ ಎಂದು ಬರೆಯಿಸಿ, ಪಕ್ಕದಲ್ಲಿ ಆಶೆಯ ಲಂಗರನ್ನು ಬರೆಯಿಸಿದರು. ಅವಳ ಅಸ್ಥಿ ನಮಗೆ ದೊರೆತಿಲ್ಲ, ಹೆಸರು ದೊರೆತಿದೆ. ಸುಮಾರು ಇನ್ನೂರು ವರ್ಷಗಳ ತರುವಾಯ ಹದಿಮೂರು ಹದಿನಾಲ್ಕು ವರ್ಷದ ಬಾಲಿಕೆಯೊಬ್ಬಳು ತೀರಿಕೊಂಡಳು. ಅವಳಿಗೆ ಹೊಸ ಹೆಂಚುಗಳು ಒದಗಲಿಲ್ಲ. ಆದರೂ ಅವಳ ಪಕ್ಕದಲ್ಲಿ ಗಾಜಿನ ಕುಪ್ಪಿಯೊಂದನ್ನು ಇಡುವಷ್ಟು ಅಕ್ಕರೆಯುಳ್ಳವರು ಯಾರೋ ಇದ್ದರು. ಅವಳ ಹೆಸರು ನಮಗೆ ದೊರೆತಿಲ್ಲ, ಅಸ್ಥಿ ದೊರೆತಿದೆ. ಅವಳು ರಾಜಪುತ್ರಿಯಾಗಿದ್ದಳೆಂಬುದಕ್ಕೆ ಆಧಾರವಿಲ್ಲ. ಅವಳನ್ನು ಪ್ರೀತಿಸಿದವರಿದ್ದರೆಂಬುದಕ್ಕೆ ಸಮಾಧಿಯೇ ಆಧಾರ.

ಇನ್ನು ೧೮೦೫ರಿಂದ ಈಚಿನ ಚರಿತ್ರೆ ಸಂದೇಹಕ್ಕೆ ಹೊರತಾದದ್ದು. ಜಾರಿಕೊ ಅವರು ಮುನ್ಯಾನೊಗೆ ಹೋದುದು, ವಿಯಾನ್ನಿಯವರು ತಮ್ಮ ಕೀರ್ತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿದುದು, ಕ್ರೈಸ್ತ ಕಾರ್ಯದರ್ಶಿಯ ಭಕ್ತಿಯನ್ನು ಹಿಂದೂ ಮಹಾರಾಜರು ಗೌರವಿಸಿ ಅಸ್ತಿಭಾರವನ್ನಿಟ್ಟುದು, ಇವು ಕಟ್ಟುಕಥೆಗಳಲ್ಲ. ಚರಿತ್ರೆಯನ್ನು ಬೋಧಿಸುವವರು ಲಂಗರಿನ ಕಥೆಯನ್ನು ನಿಜವೆಂದು ಹೇಳಬಾರದು; ಹೇಳಿದರೆ ನಮ್ಮ ವೃತ್ತಿಗೆ ದ್ರೋಹ. ಆದರೆ ಆ ಕಥೆಯೊಂದು ಬಿದ್ದುಹೋದೊಡನೆ ನೆಲಮಾಳಿಗೆ ಬರಿದಾಯಿತೆಂದು ಹೇಳಿದರೆ ಅದೂ ಸುಳ್ಳು. ನಾವು ಆ ದಿನ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಆದರೆ ನಮ್ಮ ಧ್ವನಿ ಹಾಗೆ ಹೇಳಿತು, ಮತ್ತು ತರಗತಿ ನಕ್ಕುದು ಆ ಧ್ವನಿಗೆ.

ಆ ಹುಡುಗಿ ವ್ಯಾಸಂಗ ಮುಗಿಸಿ ಹೋಗಿ ವರ್ಷಗಳಾದವು. ಕಳೆದ ಬೇಸಗೆಯಲ್ಲಿ ಅವಳ ತಾಯಿ ನಮ್ಮ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಸಿಕ್ಕಿದರು. ಮಗಳಿಗೆ ಹೆಣ್ಣುಮಗು ಹುಟ್ಟಿದೆಯೆಂದೂ, ಮೈಸೂರಿಗೆ ಕರೆದುಕೊಂಡು ಹೋಗಿ ಬಂದೆವೆಂದೂ ಹೇಳಿದರು. ಅಲ್ಲಿಯೇ ಎಲ್ಲವನ್ನೂ ವಿವರಿಸಲು ನಮಗೆ ಬಾಯಿ ಬರಲಿಲ್ಲ. ಮಗಳು ಒಮ್ಮೆ ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಳು, ಅದಕ್ಕೆ ಉತ್ತರ ಬಾಕಿ ಇದೆ ಎಂದಷ್ಟೇ ಹೇಳಿದೆವು. ಅವರಿಗೆ ಅದು ತಿಳಿದಂತೆ ಕಾಣಲಿಲ್ಲ, ಹೇಳುತ್ತೇನೆ ಎಂದರು.

ಆದುದರಿಂದ ಉತ್ತರವನ್ನು ಇಲ್ಲಿ ಹೇಳುತ್ತಿದ್ದೇವೆ. ಅಮ್ಮಾ, ನಿನ್ನ ಹೆಸರು ಒಬ್ಬ ನಿಜವಾದ ಹೆಂಗಸಿನದು. ಅವಳಿಗೆ ಅವಳ ಮನೆಯವರು ಶಾಂತಿಯನ್ನು ಕೋರಿದ್ದರು. ಆ ಹೆಸರು ಹೆಸರಿಲ್ಲದ ಒಬ್ಬ ಮಗುವಿಗೆ ಹೊದಿಕೆಯಾಯಿತು. ಅಲ್ಲಿಂದ ದೇಶದೇಶಗಳನ್ನು ದಾಟಿ ನಿನ್ನ ತಾಯಿಯ ಬಾಯಿಗೆ ಬಂದಿತು. ನಿನ್ನ ತಾಯಿ ಅದನ್ನು ನಿನಗೆ ಕೊಟ್ಟರು. ಈಗ ಅದು ನಿನ್ನದು.